ಬೇಕು, ಬಹುದು ಮತ್ತು ರಾಯನ ಉಂಗುರ

ಒಂದು ಗೇಣು ಅಂದರೆ ಎಷ್ಟು? ಕಳೆದ ಮೇ ತಿಂಗಳ ಒಂದು ಭಾನುವಾರ ಇದರ ಮೇಲೆ ನಾವಿಬ್ಬರು, ನಲವತ್ತು ದಾಟಿದ ಗಂಡಸರು, ಇಪ್ಪತ್ತು ನಿಮಿಷ ಜಗಳ ಆಡಿದೆವು. ನನ್ನ ಗೇಣಿಗೂ ನನ್ನ ಗೆಳೆಯನ ಗೇಣಿಗೂ ಒಂದು ಬೆರಳಿನಷ್ಟು ವ್ಯತ್ಯಾಸ. ಅವನ ಕೈ ದೊಡ್ಡದು. ಹಾಗಾಗಿ ಮೇಜಿನ ಮೇಲೆ ಆಡುವ ನಮ್ಮ ಯುದ್ಧದ ಆಟದಲ್ಲಿ ಅವನ ಕುದುರೆಗಳು ಒಂದೇ ಪಾಳಿಗೆ ನನ್ನ ಫಿರಂಗಿ ಮುಟ್ಟುತ್ತಿದ್ದವು, ನನ್ನವು ಅಷ್ಟೇ ಗೇಣು ನಡೆದರೂ ಅರ್ಧ ದಾರಿಯಲ್ಲಿ ನಿಲ್ಲುತ್ತಿದ್ದವು. ಕಡೆಗೆ ಅವನ ಹೆಂಡತಿ ಒಳಗಿಂದ ಕಸಬರಿಗೆಯ ಒಂದು ಕಡ್ಡಿ ಮುರಿದು ತಂದು ಮೇಜಿನ ಮೇಲೆ ಒಗೆದು ಹೋದಳು. ಅದನ್ನೇ ಇಪ್ಪತ್ತು ಸೆಂಟಿಮೀಟರಿಗೆ ಕತ್ತರಿಸಿಕೊಂಡೆವು. ಅವತ್ತಿನಿಂದ ನಮ್ಮ ಯುದ್ಧಭೂಮಿಯ ಅಳತೆ 'ಒಂದು ಕಡ್ಡಿ'.

ನನ್ನ ಗೆಳೆಯ ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ನಾನು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವ. ಮೇಷ್ಟ್ರಿಗೆ ಗೊಂಬೆ ಸೈನಿಕರ ಹುಚ್ಚು ಹಿಡಿದು ಮೂರು ವರ್ಷ ಆಗಿರಬೇಕು. ಹೊರದೇಶದಲ್ಲಿ ಇದು ದೊಡ್ಡ ಹವ್ಯಾಸ: ಬೆರಳುದ್ದದ ಸೈನಿಕರಿಗೆ ಬಣ್ಣ ಬಳಿದು, ಮೇಜಿನ ಮೇಲೆ ಗುಡ್ಡ ಹೊಳೆ ಮಾಡಿ, ದಾಳ ಎಸೆದು ಹಳೆ ಯುದ್ಧಗಳನ್ನು ಮತ್ತೆ ಆಡುವುದು. 1824ರಲ್ಲಿ ರೈಸ್ವಿಟ್ಜ್ ಅನ್ನುವ ಪ್ರಷ್ಯಾದ ಸೇನಾಧಿಕಾರಿ ಅಧಿಕಾರಿಗಳ ತರಬೇತಿಗೆ ಅಂತ ಇಂಥ ಆಟದ ನಿಯಮ ಅಚ್ಚು ಹಾಕಿಸಿದ. 1913ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್ ಇದನ್ನು ಮನೆಯ ನೆಲದ ಮೇಲೆ ಆಡುವ ಆಟ ಮಾಡಿದ. ಅವನ ಆಟದಲ್ಲಿ ದಾಳದ ಬದಲು ಸ್ಪ್ರಿಂಗ್ ಇರುವ ಆಟಿಕೆ ಫಿರಂಗಿಯಿಂದ ಕಟ್ಟಿಗೆ ಗುಂಡು ಹಾರಿಸಿ ಸೈನಿಕರನ್ನು ಬೀಳಿಸುತ್ತಿದ್ದರು. ಇದನ್ನೆಲ್ಲ ಮೇಷ್ಟ್ರು ಹೇಳುವಾಗ ನಾನು ಹೂಂ ಅನ್ನುತ್ತ ವಗ್ಗಾಣಿ ತಿನ್ನುತ್ತಿದ್ದೆ. ಆದರೆ ಈ ಸಲ ಅವನು ಇನ್ನೂರು ಪುಟದ ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟ. ಒಳಗೆ ಹದಿನಾಲ್ಕು ಪುಟ ಕನ್ನಡದಲ್ಲೇ ಬರೆದ ನಿಯಮ. ಮೇಲೆ ಕೆಂಪು ಶಾಯಿಯಲ್ಲಿ 'ರಾಯಚೂರು ಕದನ'.

"ನೀ ಲೆಕ್ಕದಾಂವ. ತಪ್ಪು ಹುಡುಕಾದು ನಿನ್ನ ಕಸುಬು. ಒಂದು ನಾಲ್ಕು ಸಲ ಆಡೂಣು, ಎಲ್ಲಿ ಹರೀತದ ನೋಡೂಣು," ಅಂದ.

ನಿಯಮದ ಬುನಾದಿ ಅವನದಲ್ಲ, ಅದನ್ನು ಅವನೇ ಮೊದಲ ಪುಟದಲ್ಲಿ ಬರೆದುಕೊಂಡಿದ್ದ. 1990ರಲ್ಲಿ ಇಂಗ್ಲೆಂಡಿನ ಫಿಲ್ ಬಾರ್ಕರ್ ಮತ್ತು ಜೊತೆಗಾರರು ಹೊರತಂದ 'ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್', ಆಡುವವರ ಬಾಯಲ್ಲಿ ಡಿಬಿಎ, ಪ್ರಾಚೀನ ಮತ್ತು ಮಧ್ಯಯುಗದ ಯುದ್ಧಗಳ ನಿಯಮ. ಅದರಲ್ಲಿ ಒಂದು ಕಡೆಗೆ ಹನ್ನೆರಡೇ ತುಕಡಿ. ಪಾಳಿ ಬಂದಾಗ ಒಂದು ದಾಳ ಎಸೆಯಬೇಕು; ಎಷ್ಟು ಬೀಳುತ್ತದೋ ಅಷ್ಟೇ ಅಪ್ಪಣೆ. ಒಂದು ಅಪ್ಪಣೆಗೆ ಒಂದು ತುಕಡಿ, ಇಲ್ಲವೆ ಒಂದಕ್ಕೊಂದು ಅಂಟಿಕೊಂಡು ನಿಂತ ಒಂದು ಸಾಲು ಚಲಿಸಬಹುದು. ಹೊಡೆದಾಟಕ್ಕೆ ಇಬ್ಬರೂ ದಾಳ ಎಸೆದು ತುಕಡಿಯ ಬಲ ಕೂಡಿಸಬೇಕು. ಕಡಿಮೆ ಬಂದವನು ಹಿಂದೆ ಸರಿಯಬೇಕು, ಎದುರಿನವನದು ಎರಡು ಪಟ್ಟಾದರೆ ತುಕಡಿಯೇ ಹೋಯಿತು. ಆದರೆ ಆ ನಿಯಮಗಳು ಹದಿನೈದನೇ ಶತಮಾನದ ಕೊನೆಗೆ ನಿಲ್ಲುತ್ತವೆ. ನಮ್ಮ ಯುದ್ಧ 1520ರದು. ಇಪ್ಪತ್ತೇ ವರ್ಷದ ಅಂತರ, ಆದರೆ ಆ ಇಪ್ಪತ್ತು ವರ್ಷದ ಒಳಗೇ ದಖ್ಖನ್ನಿಗೆ ತೋಪು ಧಾರಾಳವಾಗಿ ಬಂದಿತ್ತು. ಹಾಗಾಗಿ ಫಿರಂಗಿಯ ನಿಯಮ, ಆನೆಯ ನಿಯಮ, ಇನ್ನೊಂದು ನಿಯಮ, ಮೂರನ್ನೂ ಮೇಷ್ಟ್ರೇ ಹೊಸದಾಗಿ ಬರೆದಿದ್ದ. ಆ ಇನ್ನೊಂದರ ಕಥೆಯೇ ಇದೆಲ್ಲ.

ಮೊದಲು ಸೈನ್ಯದ ಮಾತು ಹೇಳಿಬಿಡುತ್ತೇನೆ. ಸೀಸದ ಸೈನಿಕರನ್ನು ಹೊರಗಿಂದ ತರಿಸಿದರೆ ಗೊಂಬೆಗಿಂತ ಸುಂಕ ಭಾರ. ಮೇಷ್ಟ್ರ ಹಳೆ ಶಿಷ್ಯ ಒಬ್ಬ ಇಂಜಿನಿಯರಿಂಗ್ ಓದುವವ ತ್ರೀಡಿ ಪ್ರಿಂಟರಿನಲ್ಲಿ ಕಾಲಾಳು, ಕುದುರೆ ಮಾಡಿಕೊಟ್ಟ. ಹದಿನೈದು ಮಿಲಿಮೀಟರ್ ಎತ್ತರ, ಮುಖ ಇರುವಲ್ಲಿ ಒಂದು ಕಾಳಿನಷ್ಟು ಉಬ್ಬು. ನಾಲ್ಕು ಸೆಂಟಿಮೀಟರ್ ಅಗಲದ ಹಲಗೆ ಚೂರಿಗೆ ಮೂರು ಇಲ್ಲವೆ ನಾಲ್ಕು ಸೈನಿಕರನ್ನು ಅಂಟಿಸಿದರೆ ಒಂದು ತುಕಡಿ. ಹಲಗೆಯ ಮೇಲೆ ನೆಲದ ಹಾಗೆ ಕಾಣಲಿ ಅಂತ ಮೇಷ್ಟ್ರು ನಮ್ಮದೇ ಎರೆಮಣ್ಣು ಫೆವಿಕಾಲಿನಲ್ಲಿ ಕಲಸಿ ಮೆತ್ತಿದ್ದ. ಎರೆಮಣ್ಣಿನ ಗುಣ ಗೊತ್ತಿದ್ದವರು ಯಾರೂ ಆ ಕೆಲಸ ಮಾಡುವುದಿಲ್ಲ. ಎರಡು ದಿನಕ್ಕೆ ಒಣಗಿ, ಬೇಸಿಗೆಯ ಹೊಲದ ಹಾಗೆ ಬಾಯಿ ಬಿಟ್ಟು, ಹಲಗೆಯಿಂದ ಹಪ್ಪಳದ ಹಾಗೆ ಎದ್ದು ಬಂತು. ಬಿರುಕಿನ ಒಂದೊಂದು ಚೂರಿನ ಮೇಲೆ ಒಬ್ಬೊಬ್ಬ ಬಿಲ್ಲುಗಾರ ಒಂಟಿಯಾಗಿ ನಿಂತಿದ್ದ. ನೋಡಲಿಕ್ಕೆ ಭಾಳ ಚಂದ ಇತ್ತು, ಉಪಯೋಗಕ್ಕೆ ಬರಲಿಲ್ಲ. ಮತ್ತೆ ಎಲ್ಲ ಕಿತ್ತು ಹೊಳೆ ಮರಳು ಹಾಕಿದ.

ಆನೆ ಮಾತ್ರ ಪ್ರಿಂಟರಿನವಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳಕ್ಕೆ ಹೋಗಿ ನಾಲ್ಕು ತಂದಿದ್ದ. ಕಿನ್ನಾಳದ ಗೊಂಬೆ ಹಗುರ ಮರದ್ದು, ಜೋಡಣೆಗೆ ಹುಣಸೆಬೀಜದ ಅಂಟು, ಮೇಲೆ ಕಣ್ಣು ಕುಕ್ಕುವ ಕೆಂಪು, ಹಳದಿ, ಹಸಿರು. ಅಲ್ಲಿಯ ಚಿತ್ರಗಾರರ ಕೈಕೆಲಸ ಅದು, ನಮ್ಮ ಅಳತೆಗೆ ಮಾಡಿದ್ದಲ್ಲ. ಅಳತೆ ಪ್ರಕಾರ ನಮ್ಮ ಆನೆ ಮೂರು ಸೆಂಟಿಮೀಟರ್ ಇರಬೇಕು. ಇವು ಅಂಗೈ ಅಗಲ. ಮೇಜಿನ ಮೇಲೆ ಇಟ್ಟಾಗ ಸೈನ್ಯದ ನಡುವೆ ನಾಲ್ಕು ಗುಡಿ ಕಟ್ಟಿದ ಹಾಗೆ ಕಂಡಿತು. "ಶತ್ರುವಿನ ಕಣ್ಣಿಗೆ ಆನಿ ಹಂಗ ಕಾಣ್ತದ," ಅಂತ ಮೇಷ್ಟ್ರ ಸಮರ್ಥನೆ. ನಾನು ಒಪ್ಪಿದೆ. ಅವನ್ನು ಬಿಟ್ಟು ಆಡಲು ನನಗೂ ಮನಸ್ಸಿರಲಿಲ್ಲ.

ಯುದ್ಧದ ಕಥೆ ನಮ್ಮೂರಿನವರಿಗೆ ಹೊಸದಲ್ಲ, ಆದರೂ ಆಟಕ್ಕೆ ಬೇಕಾದಷ್ಟು ಹೇಳಬೇಕು. ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ. ಬಿಡಿಸಿಕೊಳ್ಳಲು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ ಕೃಷ್ಣಾ ಹೊಳೆ ದಾಟಿ ಈಚೆ ದಂಡೆಗೆ ಬಂದ. ದಿನ 1520ರ ಮೇ 19, ಶನಿವಾರ, ಅಮಾವಾಸ್ಯೆ ಅಂತ ವಿಜಯನಗರದ ಇತಿಹಾಸ ಬರೆದ ರಾಬರ್ಟ್ ಸೆವೆಲ್ ಲೆಕ್ಕ ಹಾಕಿದ್ದಾರೆ. ವಿವರ ಸಿಗುವುದು ಫೆರ್ನಾವ್ ನುನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿಯ ಬರಹದಲ್ಲಿ. ಅವನು ವಿಜಯನಗರದಲ್ಲಿದ್ದದ್ದು ಯುದ್ಧ ಮುಗಿದು ಹದಿನೈದು ವರ್ಷದ ಮೇಲೆ. ಅವನ ಪ್ರಕಾರ ರಾಯನ ಕಡೆ 7,03,000 ಕಾಲಾಳು, 32,600 ಕುದುರೆ, 551 ಆನೆ. ಶಾಹನ ಕಡೆ 1,20,000 ಕಾಲಾಳು, 18,000 ಕುದುರೆ, 150 ಆನೆ, ಜೊತೆಗೆ ಭಾರೀ ತೋಪುಖಾನೆ.

ಗಿರಣಿಯವನಾದ ನನಗೆ ಮೊದಲು ಹೊಳೆದದ್ದು ಅಕ್ಕಿ. ಏಳು ಲಕ್ಷ ಮೂರು ಸಾವಿರ ಹೊಟ್ಟೆಗೆ ತಲೆಗೆ ಅರ್ಧ ಕಿಲೋ ಅಂದರೂ ದಿನಕ್ಕೆ 3,500 ಕ್ವಿಂಟಲ್. ಹತ್ತು ಟನ್ನಿನ ಲಾರಿ ಮೂವತ್ತೈದು, ದಿನಾ. ಲಾರಿ ಇಲ್ಲದ ಕಾಲ, ಮೇ ತಿಂಗಳು, ಕುದುರೆ ಆನೆಗಳ ಮೇವು ನೀರು ಬೇರೆ. ಈ ಅಂಕಿಯನ್ನು ಯಾರಾದರೂ ನನ್ನ ಟೇಬಲ್ಲಿಗೆ ತಂದಿದ್ದರೆ ವೋಚರ್ ಕೇಳುತ್ತಿದ್ದೆ. ಮೇಷ್ಟ್ರಿಗೂ ಆ ಅನುಮಾನ ಇತ್ತು. ಹಾಗಾಗಿ ಆರಕ್ಕೆ ಒಂದು ಅನ್ನುವ ಪ್ರಮಾಣ ಬಿಟ್ಟು ರಾಯನಿಗೆ ಹದಿನೆಂಟು ತುಕಡಿ, ಶಾಹನಿಗೆ ಹನ್ನೆರಡು ಅಂತ ಇಟ್ಟಿದ್ದ. ನನ್ನ ಹನ್ನೆರಡರಲ್ಲಿ ಮೂರು ಫಿರಂಗಿ.

ಅವನು ರಾಯ, ನಾನು ಶಾಹ. ಇದನ್ನು ಅವನು ಕೇಳಲಿಲ್ಲ. ಮೇಜಿನ ಆ ಕಡೆ ಹೋಗಿ ಕೂತುಬಿಟ್ಟ.

ನಾಲ್ಕಡಿ ಉದ್ದ, ಮೂರಡಿ ಅಗಲದ ಮೇಜು. ನನ್ನ ಬೆನ್ನ ಹಿಂದೆ ನೀಲಿ ಸೀರೆಯ ಅಂಚು, ಅದು ಕೃಷ್ಣೆ. ಬೂದಿ ಇಟ್ಟಿಗೆಯ ಚೂರು ಗುಡ್ಡ. ಫ್ಯಾನ್ ಹಚ್ಚಿದರೆ ಸೀರೆ ಹಾರುತ್ತಿತ್ತು, ಆರಿಸಿದರೆ ನಾವು ಬೇಯುತ್ತಿದ್ದೆವು. ನಾಲ್ಕು ಇಟ್ಟಿಗೆ ಹೊಳೆಯ ಮೇಲಿಟ್ಟು ಫ್ಯಾನ್ ಹಚ್ಚಿದೆವು.

ಮೊದಲ ಪಾಳಿಯಲ್ಲೇ ಗೊತ್ತಾದದ್ದು: ಹದಿನೆಂಟು ತುಕಡಿ ಇದ್ದವನು ಹನ್ನೆರಡು ಇದ್ದವನಿಗಿಂತ ಸುಖಿಯಲ್ಲ. ದಾಳ ಇಬ್ಬರಿಗೂ ಒಂದೇ. ಮೇಷ್ಟ್ರಿಗೆ ಎರಡು ಬಿತ್ತು. ಹದಿನೆಂಟು ತುಕಡಿಯ ದೊರೆ ಎರಡು ಸಾಲು ಸರಿಸಿ ಕೈ ಕಟ್ಟಿ ಕೂತ. ಸೈನ್ಯ ಎಷ್ಟೇ ಇರಲಿ, ಅಪ್ಪಣೆ ಕೊಡುವ ಬಾಯಿ ಒಂದೇ ಅನ್ನುವುದು ಒಂದು ದಾಳದಲ್ಲಿ ಬಂದುಬಿಟ್ಟಿತ್ತು. ಈ ಭಾಗ ನನಗೆ ಬಹಳ ಇಷ್ಟವಾಯಿತು. ನಾವು ಸಣ್ಣವರಿದ್ದಾಗ ಗುಡಿ ಕಟ್ಟೆಯ ಮೇಲೆ ಆಡುತ್ತಿದ್ದ ಹುಲಿ ಕುರಿ ಆಟದಲ್ಲೂ ಹೀಗೇ. ಮೂರು ಹುಲಿ, ಹದಿನೈದು ಕುರಿ, ಎಣಿಕೆಗೂ ಬಲಕ್ಕೂ ಸಂಬಂಧವೇ ಇಲ್ಲ.

ಎರಡನೇ ಪಾಳಿಗೆ ಅವನ ಮುಂದಿನ ಸಾಲು ನನ್ನ ಫಿರಂಗಿಯ ಅಳತೆಗೆ ಬಂತು. ನುನಿಜ್ ಹೇಳುವ ಹಾಗೆ ಶಾಹ ಎಲ್ಲ ತೋಪುಗಳನ್ನು ಒಟ್ಟಿಗೇ ಹಾರಿಸಿದ. ನಿಯಮವೂ ಹಾಗೇ: ಮೂರೂ ಒಂದೇ ಪಾಳಿಯಲ್ಲಿ ಹಾರಬೇಕು, ಆಮೇಲೆ ಗುಂಡು ತುಂಬಲು ಎರಡು ಪಾಳಿ ಸುಮ್ಮನಿರಬೇಕು. ಮೊದಲ ಫಿರಂಗಿ: ಬಲ ನಾಲ್ಕು, ದಾಳ ಆರು, ಹತ್ತು. ಎದುರಿಗೆ ಬಿಲ್ಲುಗಾರರು: ಎರಡು ಮತ್ತು ಎರಡು, ನಾಲ್ಕು. ಹೋದರು. ಎರಡನೆಯದು ಆನೆಗೆ. ನನಗೆ ಒಂಬತ್ತು, ಆನೆಗೆ ಎಂಟು. ಸಾಯಲಿಲ್ಲ, ಹಿಂದೆ ಸರಿಯಬೇಕು. ಆನೆಯ ಹಿಂದೆ ಅವನದೇ ಕಾಲಾಳಿನ ಎರಡನೇ ಸಾಲು. ಮೇಷ್ಟ್ರು ತಾನೇ ಬರೆದ ಆನೆಯ ನಿಯಮ ಗಟ್ಟಿಯಾಗಿ ಓದಿದ: ಹಿಂದೆ ಸರಿಯುವ ಆನೆ ಯಾರನ್ನು ಮುಟ್ಟಿದರೂ ತುಳಿಯುತ್ತದೆ. ಓದುತ್ತ ಓದುತ್ತ ದನಿ ಇಳಿಯಿತು. ಅಂಗೈ ಅಗಲದ ಕಿನ್ನಾಳದ ಆನೆಯನ್ನು ಹಿಂದಕ್ಕೆ ಎಳೆದಾಗ ಒಂದಲ್ಲ, ಎರಡು ತುಕಡಿ ಅದರ ಹೊಟ್ಟೆಯ ಕೆಳಗೆ ಬಂದವು.

"ಆನಿ ಅಳತಿಗಿಂತ ದೊಡ್ಡದದ, ಅದಕ್ಕ ಒಂದೇ ಹಿಡೀಬೇಕು," ಅಂದ.

"ಶತ್ರುವಿನ ಕಣ್ಣಿಗೆ ಹಂಗ ಕಾಣ್ತದ ಅಂದಿದ್ದೆಲ್ಲ?" ಅಂದೆ.

ಆನೆಯ ಕೆಳಗೂ ನಾಲ್ಕು ಸೆಂಟಿಮೀಟರ್ ಹಲಗೆ ಅಂಟಿಸಿ, ಲೆಕ್ಕಕ್ಕೆ ಹಲಗೆ ಮಾತ್ರ ಅಂತ ಬರೆದುಕೊಂಡೆವು. ಎರಡನೇ ತುಕಡಿ ಬದುಕಿತು.

ಆಮೇಲೆ ಬಂದದ್ದು ಭಾಷೆಯ ಜಗಳ. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಹೀಗೆ ಇತ್ತು: 'ಮುಂದಿನ ತುಕಡಿ ಹಿಮ್ಮೆಟ್ಟಿದಾಗ ಹಿಂದಿನ ತುಕಡಿ ಬಿಡಬೇಕು.' ಏನು ಬಿಡಬೇಕು? ದಾರಿ ಬಿಡಬೇಕೋ, ಜಾಗ ಬಿಡಬೇಕೋ? ದಾರಿ ಬಿಡುವುದಾದರೆ ಓಡಿ ಬರುವವರು ಹಿಂದಿನ ಸಾಲಿನ ನಡುವೆ ತೂರಿ ಹೋಗುತ್ತಾರೆ, ಹಿಂದಿನ ಸಾಲು ಗಟ್ಟಿಯಾಗಿ ನಿಲ್ಲುತ್ತದೆ. ಜಾಗ ಬಿಡುವುದಾದರೆ ಇಡೀ ಸೈನ್ಯ ಒಂದರ ಹಿಂದೆ ಒಂದು ತಳ್ಳಿಕೊಂಡು ಹಿಂದೆ ಹೋಗುತ್ತದೆ. ಒಂದು ಕ್ರಿಯಾಪದಕ್ಕೆ ಕರ್ಮ ಹಾಕದೆ ಬಿಟ್ಟಿದ್ದರಿಂದ ಎರಡು ಬೇರೆ ಬೇರೆ ಯುದ್ಧ ಆಗುತ್ತಿದ್ದವು. ನಮ್ಮ ಮಾತಿನಲ್ಲಿ ಅರ್ಧ ಬಿಟ್ಟರೂ ಎದುರಿನವರಿಗೆ ತಿಳಿಯುತ್ತದೆ. ಆಟದ ಎದುರಾಳಿಗೆ ಮಾತ್ರ ತನಗೆ ಬೇಕಾದದ್ದೇ ತಿಳಿಯುತ್ತದೆ. 'ಸಾಲು' ಅನ್ನುವುದಕ್ಕೂ ಹೀಗೇ ಆಯಿತು. ಎರಡು ಹಲಗೆಯ ಮೂಲೆ ಮೂಲೆ ತಾಗಿದ್ದರೆ ಅದು ಸಾಲೋ ಅಲ್ಲವೋ? ನಾನು ಅಂಚಿಗೆ ದಾರ ಹಿಡಿದು ತೋರಿಸಿದೆ. ಅವನು ಕನ್ನಡಕ ತೆಗೆದು, ಮೇಜಿನ ಮಟ್ಟಕ್ಕೆ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದ. ಮೂಲೆಗೂ ಮೂಲೆಗೂ ನಡುವೆ ಒಂದು ಮರಳಿನ ಕಣ ಸಿಕ್ಕಿಕೊಂಡಿತ್ತು.

ಐದನೇ ಪಾಳಿಯ ಹೊತ್ತಿಗೆ ಅವನ ಹದಿನೆಂಟರಲ್ಲಿ ಆರು ಹೋಗಿದ್ದವು. ನನಗೆ ಇಷ್ಟೊತ್ತಿಗೆ ಗೆಲುವಿನ ವಾಸನೆ ಹತ್ತಿತ್ತು. ಫಿರಂಗಿಗೆ ಗುಂಡು ತುಂಬಿಲ್ಲ ಅನ್ನುವುದೊಂದೇ ಚಿಂತೆ. ಎರಡು ಪಾಳಿ ಭಾಳ ಆಯಿತು, ಒಂದು ಮಾಡು ಅಂದೆ. ಅವನು ಒಪ್ಪಲಿಲ್ಲ. "ಇತಿಹಾಸ ನಿನ್ನ ಸಲುವಾಗಿ ಬದಲಾಗೂದಿಲ್ಲ," ಅಂತ ಹೇಳಿ ಅಂಗಿ ಜೇಬಿನಿಂದ ತಾಮ್ರದ ತಂತಿಯ ಒಂದು ಸಣ್ಣ ಉಂಗುರ ತೆಗೆದು ಮೇಜಿನ ಮೇಲೆ ಇಟ್ಟ.

ನುನಿಜ್ ಬರೆದಿದ್ದಾನೆ: ಮುಂದಿನ ಪಡೆ ಮುರಿದು ಓಡಿ ಬಂದಾಗ ರಾಯ ಬೆರಳಿನ ಉಂಗುರ ತೆಗೆದು ಒಬ್ಬ ಹುಡುಗನ ಕೈಗೆ ಕೊಟ್ಟ, ತಾನು ಸತ್ತೆ ಅನ್ನುವುದಕ್ಕೆ ಗುರುತಾಗಿ ರಾಣಿಯರಿಗೆ ತೋರಿಸಲಿ ಅಂತ. ಆಮೇಲೆ ಕುದುರೆ ಏರಿ, ಉಳಿದ ಪಡೆಗಳನ್ನೆಲ್ಲ ಕಟ್ಟಿಕೊಂಡು ಮುಂದೆ ನುಗ್ಗಿದ. ಓಡಿ ಬರುವ ತನ್ನವರನ್ನೇ ಕಡಿಯಿರಿ ಅಂತ ಅಪ್ಪಣೆ ಮಾಡಿದ. ಶಾಹನ ಸೈನ್ಯ ಹೊಳೆಯ ತನಕ ಹಿಂದೆ ಹೋಯಿತು, ಶಾಹ ಹೇಗೋ ದಾಟಿ ಉಳಿದ.

ಇದು ಮೇಷ್ಟ್ರ ಮೂರನೇ ನಿಯಮ. 'ಮೂರನೇ ಒಂದು ಪಾಲು ಸೈನ್ಯ ನಷ್ಟವಾದ ಮೇಲೆ ರಾಯ ಉಂಗುರ ಕೊಡಬಹುದು. ಆ ಪಾಳಿಯಿಂದ ಆಟ ಮುಗಿಯುವ ತನಕ ರಾಯನ ಎಲ್ಲ ತುಕಡಿಗಳಿಗೂ ಎರಡು ಅಂಕ ಹೆಚ್ಚು.'

ಒಂಬತ್ತನೇ ಪಾಳಿಗೆ ನನ್ನ ಕೊನೆಯ ಕುದುರೆ ಸೀರೆಯ ಅಂಚಿಗೆ ಬಿದ್ದಿತ್ತು.

ರಾತ್ರಿ ಮನೆಗೆ ಬಂದು ಲೆಕ್ಕ ಹಾಕಿದೆ. ಸಮಬಲದ ಎರಡು ತುಕಡಿ ದಾಳ ಎಸೆದರೆ ಮೂವತ್ತಾರು ಸಾಧ್ಯತೆಯಲ್ಲಿ ಒಬ್ಬನಿಗೆ ಗೆಲುವು 15, ಇನ್ನೊಬ್ಬನಿಗೆ 15, ಸಮ 6. ಒಬ್ಬನಿಗೆ ಒಂದು ಅಂಕ ಹೆಚ್ಚು ಕೊಟ್ಟರೆ ಅವನಿಗೆ 21, ಎದುರಾಳಿಗೆ 10. ಎರಡು ಕೊಟ್ಟರೆ ಅವನಿಗೆ 26, ಎದುರಾಳಿಗೆ 6. ಅಂದರೆ ಮೇಷ್ಟ್ರು ಉಂಗುರ ಕೊಟ್ಟ ಕ್ಷಣದಿಂದ ನಾನು ಆರಕ್ಕೆ ಒಂದು ಸಲ ಮಾತ್ರ ಗೆಲ್ಲುತ್ತೇನೆ, ಮೇಜಿನ ತುಂಬ, ಕೊನೆಯ ತನಕ. ಅದು ಯುದ್ಧವಲ್ಲ, ಉತ್ಸವ. ಮರುದಿನ ಸಂಜೆ ಈ ಲೆಕ್ಕ ಒಂದು ಹಳೆ ಗೇಟ್ ಪಾಸಿನ ಹಿಂದೆ ಬರೆದು ತಗೊಂಡು ಹೋದೆ.

ಅವನು ಮನೆಯಲ್ಲಿರಲಿಲ್ಲ, ಕೋಟೆಯ ಹತ್ತಿರ ಸಿಕ್ಕ. ಪಡುವಣ ಗೋಡೆಯಲ್ಲಿ 1294ರ ಶಾಸನ ಕೊರೆದ ನಲವತ್ತಡಿಗೂ ಮಿಕ್ಕಿದ ಒಂದೇ ಕಲ್ಲು ಇದೆಯಲ್ಲ, ಅದರ ಹತ್ತಿರ. ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತರುವ ಚಿತ್ರವನ್ನೂ ಅಲ್ಲೇ ಗೋಡೆಯಲ್ಲಿ ಗೀರಿದ್ದಾರೆ. ಮೇಷ್ಟ್ರು ತನಗೆ ಬೇಸರವಾದಾಗಲೆಲ್ಲ ಹೋಗಿ ಅದನ್ನು ನಕಲು ಮಾಡುತ್ತಾನೆ. ಗೇಟ್ ಪಾಸ್ ಓದಿದ. ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡ.

"ರಾಯ ಸೋಲಬೇಕು ಅಂತೀಯೇನು?"

"ಸೋಲಬೇಕು ಅಂದಿಲ್ಲ. ಸೋಲಬಹುದು ಅಂತಿರಬೇಕು."

"ಸೋತಿಲ್ಲಲ್ಲ."

"ಅಂವ ಉಂಗುರ ಯಾಕ ಕೊಟ್ಟ ಮತ್ತ? ಸಾಯ್ತೀನಿ ಅಂತ ಅನ್ನಿಸಿದ್ದಕ್ಕ ಕೊಟ್ಟ. ನಿನ್ನ ನಿಯಮದಾಗ ಸಾಯಾದೇ ಇಲ್ಲ. ಗೆಲ್ಲೂದು ಗ್ಯಾರಂಟಿ ಇದ್ದಾಂವ ಉಂಗುರ ಯಾಕ ಕೊಡ್ತಾನ?"

ಇದು ನಾನು ದಾರಿಯಲ್ಲಿ ಯೋಚಿಸಿಕೊಂಡು ಬಂದ ಮಾತಲ್ಲ. ಬಾಯಿಗೆ ಬಂತು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮಾತು ಬದಲಿಸಿ, ಮುಂದೆ ಕೋಟೆ ಮುತ್ತಿಗೆಯ ಆಟ ಬರೆಯಬೇಕು, ಅದರಲ್ಲಿ ಕ್ರಿಸ್ಟೋವಾವ್ ದ ಫಿಗೆರೆದೊ ಮತ್ತು ಅವನ ಇಪ್ಪತ್ತು ಪೋರ್ಚುಗೀಸ್ ಬಂದೂಕಿನವರನ್ನು ತರಬೇಕು, ಅವರು ಗೋಡೆಯ ಮೇಲೆ ತಲೆ ಕಂಡವರನ್ನೆಲ್ಲ ಹೊಡೆಯುತ್ತಿದ್ದಾಗ ಕೆಳಗೆ ರಾಯನ ಕಡೆಯವರು ಹಾರೆ ಹಾಕಿ ಕಲ್ಲು ಕೀಳುತ್ತಿದ್ದರು, ಕೋಟೆಯ ಅಧಿಪತಿ ಇಣುಕಿದಾಗ ಹಣೆಗೇ ಗುಂಡು ಬಿತ್ತು ಅಂತೆಲ್ಲ ಹೇಳಿದ. ಆದರೆ ಹೊರಡುವಾಗ ನನ್ನ ಗೇಟ್ ಪಾಸನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಮುಂದಿನ ವಾರ ಹೊಸ ನಿಯಮ ತಯಾರಾಗಿತ್ತು. 'ರಾಯ ಉಂಗುರ ಕೊಡಬಹುದು. ಕೊಟ್ಟ ಮೇಲೆ ರಾಯನ ತುಕಡಿ ಮುಂದಿನ ಸಾಲಿಗೆ ಬರಬೇಕು. ಅವನಿಂದ ಒಂದು ಕಡ್ಡಿ ಒಳಗಿರುವ ತುಕಡಿಗಳಿಗೆ ಮತ್ತು ಅವನಿಗೆ ಒಂದು ಅಂಕ ಹೆಚ್ಚು. ಹಿಮ್ಮೆಟ್ಟುವ ತುಕಡಿ ತನ್ನವರನ್ನು ಮುಟ್ಟಿದರೆ ಅದನ್ನು ತೆಗೆದುಬಿಡಬೇಕು. ರಾಯ ಬಿದ್ದರೆ ಆಟ ಮುಗಿಯಿತು.' ಓಡಿ ಬಂದವರನ್ನು ಕಡಿಯುವ ಅಪ್ಪಣೆ ಈಗ ಲಾಭವೂ ಹೌದು, ನಷ್ಟವೂ ಹೌದು: ಹಿಂದಿನ ಸಾಲು ಅಲುಗುವುದಿಲ್ಲ, ಆದರೆ ಪ್ರತಿ ಹೆಜ್ಜೆ ಹಿಂದೆ ಇಟ್ಟವನು ಸತ್ತ ಲೆಕ್ಕ. ಕೊನೆಯ ವಾಕ್ಯವನ್ನು ಅವನು ಬೇರೆ ಶಾಯಿಯಲ್ಲಿ ಬರೆದಿದ್ದ. ರಾತ್ರಿ ಎದ್ದು ಸೇರಿಸಿದ ಹಾಗೆ ಕಾಣುತ್ತಿತ್ತು.

ಎರಡನೇ ಆಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚೆನ್ನಾಗಿತ್ತು, ಅಷ್ಟೇ. ಎರಡು ತಾಸು ಹಿಡಿಯಿತು. ರಾಯ ಗೆದ್ದ, ಆದರೆ ಕೂದಲೆಳೆಯಲ್ಲಿ. ಕೊನೆಗೆ ಅವನ ಕಡೆ ಏಳು, ನನ್ನ ಕಡೆ ಎರಡು ಉಳಿದಿದ್ದವು, ಮತ್ತು ಹೊಳೆ ನನ್ನ ಮೂರು ತುಕಡಿ ನುಂಗಿತ್ತು. ನಾನು ಅಪ್ಪಣೆಗೆ ಎಸೆದ ಹನ್ನೊಂದು ದಾಳದಲ್ಲಿ ಐದು ಸಲ ಒಂದೇ ಬಿದ್ದದ್ದು ನನ್ನ ಪುಸ್ತಕದಲ್ಲಿ ದಾಖಲಾಗಿದೆ.

ಮೂರನೇ ಆಟಕ್ಕೆ ಮೇಷ್ಟ್ರು ರಾಯನಾಗಲಿಲ್ಲ. ಅವನ ಮಗಳು, ಒಂಬತ್ತನೇ ಕ್ಲಾಸು, ಎರಡು ಭಾನುವಾರದಿಂದ ಬಾಗಿಲಿಗೆ ಒರಗಿ ನೋಡುತ್ತಿದ್ದಳು. "ನಾ ಆಡ್ಲಿ?" ಅಂದಳು. ಮೇಷ್ಟ್ರು ಖುಷಿಯಿಂದ ಎದ್ದು ಜಾಗ ಕೊಟ್ಟ. ನಿಯಮ ಗೊತ್ತಿಲ್ಲದವರು ಓದಿದರೆ ತಿಳಿಯುತ್ತದೋ ಇಲ್ಲವೋ ನೋಡಬೇಕು ಅಂತ ಕಾರಣವನ್ನೂ ಕೊಟ್ಟ. ಅವಳು ನೋಟ್‌ಬುಕ್ಕನ್ನು ಮೊದಲ ಪುಟದಿಂದ ಕೊನೆಯ ತನಕ, ಬೆರಳು ಇಟ್ಟುಕೊಂಡು, ಒಂದೂ ಮಾತಾಡದೆ ಓದಿದಳು. ನಾವಿಬ್ಬರೂ ಅದನ್ನು ಹಾಗೆ ಎಂದೂ ಓದಿರಲಿಲ್ಲ.

ಮೊದಲ ಪಾಳಿ. ಅಪ್ಪಣೆಗೆ ದಾಳ ಎಸೆಯುವ ಮೊದಲೇ ಅವಳು ತಾಮ್ರದ ಉಂಗುರ ಎತ್ತಿ ನನ್ನ ಕಡೆ ಸರಿಸಿದಳು.

"ಉಂಗುರ ಕೊಟ್ಟೆ."

"ಈಗಲ್ಲವ್ವ," ಅಂದ ಮೇಷ್ಟ್ರು. "ಮೂರನೇ ಒಂದು ಪಾಲು ಸತ್ತ ಮ್ಯಾಲ."

"ಎಲ್ಲಿ ಬರ್ದೀರಿ?"

ಮೇಷ್ಟ್ರು ಪುಟ ತಿರುವಿದ. ಹಿಂದಿನ ನಿಯಮದಲ್ಲಿ ಇತ್ತು. ಅದನ್ನು ಅಡ್ಡ ಗೆರೆ ಎಳೆದು ಹೊಡೆದು ಹಾಕಿ ಹೊಸದು ಬರೆಯುವಾಗ ಆ ಅರ್ಧ ವಾಕ್ಯ ಬಿಟ್ಟುಹೋಗಿತ್ತು. ಉಳಿದದ್ದು 'ರಾಯ ಉಂಗುರ ಕೊಡಬಹುದು' ಮಾತ್ರ. ಯಾವಾಗ ಅಂತ ಇಲ್ಲ. ಎರಡನೇ ಆಟ ಆಡಿದಾಗ ಇಬ್ಬರಿಗೂ ಹಳೆಯದು ಬಾಯಿಪಾಠ ಇದ್ದದ್ದರಿಂದ ಕಣ್ಣಿಗೆ ಬಿದ್ದಿರಲಿಲ್ಲ. ಲೆಕ್ಕದವನು ಅಂತ ಕರೆಸಿಕೊಂಡವನು ನಾನು, ನನಗೂ ಬಿದ್ದಿರಲಿಲ್ಲ.

"ಬಹುದು ಅಂದ್ರ ನನ್ನಿಷ್ಟ," ಅಂದಳು. ದಾಳ ಎಸೆದಳು. ಐದು.

ಅವಳ ಯೋಚನೆ ಸರಳ. ಒಂದು ಅಂಕ ಹೆಚ್ಚು ಸಿಗುವುದಾದರೆ ಸೈನ್ಯ ಸಾಯುವ ತನಕ ಯಾಕೆ ಕಾಯಬೇಕು? ರಾಯನನ್ನೂ ಅವನ ಅಕ್ಕಪಕ್ಕದ ಕುದುರೆಗಳನ್ನೂ ಒಂದು ಸಾಲು ಮಾಡಿ ನೇರ ನನ್ನ ಫಿರಂಗಿಗಳ ಕಡೆ ಬಿಟ್ಟಳು. ಗುಂಡು ತುಂಬಿದ ಮೂರೂ ಫಿರಂಗಿ ಒಟ್ಟಿಗೆ ಹಾರಿದವು. ಎಡಗಡೆಯ ಕುದುರೆ ಒಂದು ಹೋಯಿತು, ಬಲಗಡೆಯದು ಹಿಂದೆ ಸರಿಯಿತು, ಹಿಂದೆ ಅವಳದೇ ಬಿಲ್ಲುಗಾರರು ನಿಂತಿದ್ದರು. ಹಿಮ್ಮೆಟ್ಟುವ ತುಕಡಿ ತನ್ನವರನ್ನು ಮುಟ್ಟಿದರೆ ತೆಗೆದುಬಿಡಬೇಕು. ತೆಗೆದಳು, ಮುಖ ಬದಲಾಗಲಿಲ್ಲ. ಮರು ಪಾಳಿಗೆ ರಾಯ ಒಬ್ಬನೇ ನನ್ನ ನಡುವಿನ ಫಿರಂಗಿಗೆ ಬಿದ್ದು ಅದನ್ನು ಅಳಿಸಿ ಹಾಕಿದ. ಮೇಷ್ಟ್ರು ಚಪ್ಪಾಳೆ ತಟ್ಟಿದ. ನಾನು ಎರಡು ಬದಿಯಿಂದ ಎರಡು ಕುದುರೆ ತಂದು ರಾಯನ ಪಕ್ಕೆಗೆ ಒತ್ತಿದೆ, ಮೂರನೆಯದನ್ನು ಎದುರಿಗೆ ಹಚ್ಚಿದೆ.

ಲೆಕ್ಕ ಹೀಗೆ. ರಾಯನ ಬಲ ನಾಲ್ಕು, ಉಂಗುರದ್ದು ಒಂದು, ಐದು. ಪಕ್ಕೆಗೆ ಒತ್ತಿದ ಒಂದೊಂದು ತುಕಡಿಗೆ ಒಂದೊಂದು ಕಳೆದರೆ ಮೂರು. ನನ್ನ ಕುದುರೆಯ ಬಲ ಮೂರು. ನಾನು ಎಸೆದೆ: ಐದು. ಒಟ್ಟು ಎಂಟು. ಅವಳಿಗೆ ಎರಡು ಬಿದ್ದಿದ್ದರೂ ರಾಯ ಬರೀ ಹಿಂದೆ ಸರಿಯುತ್ತಿದ್ದ. ಅವಳು ಎರಡೂ ಕೈಯಲ್ಲಿ ದಾಳ ಮುಚ್ಚಿ ಕುಲುಕಿದಳು. ದಾಳ ಮೇಜಿನ ಮೇಲೆ ಉರುಳಿ, ಇಟ್ಟಿಗೆಯ ಗುಡ್ಡಕ್ಕೆ ತಾಗಿ, ಹೊಳೆಯ ಅಂಚಿಗೆ ಬಂದು ಸೀರೆಯ ಮಡಿಕೆಗೆ ಒರಗಿ ನಿಂತಿತು. ಓರೆಯಾಗಿ. ಮೇಲೆ ಒಂದು ಅನ್ನಬಹುದು, ನಾಲ್ಕು ಅಂತಲೂ ಅನ್ನಬಹುದು.

ದಾಳ ಓರೆ ನಿಂತರೆ ಏನು ಮಾಡಬೇಕು ಅಂತ ಹದಿನಾಲ್ಕು ಪುಟದಲ್ಲಿ ಎಲ್ಲೂ ಇರಲಿಲ್ಲ.

"ಮತ್ತ ಎಸಿ," ಅಂದ ಮೇಷ್ಟ್ರು, ತಡ ಮಾಡದೆ. ನಾನೂ ಹೂಂ ಅಂದೆ.

ಎಸೆದಳು. ಒಂದು.

ಮೂರು ಮತ್ತು ಒಂದು, ನಾಲ್ಕು. ನಾಲ್ಕರ ಎರಡು ಪಟ್ಟು ಎಂಟು. ನಾನು ರಾಯನ ಹಲಗೆಗೆ ಕೈ ಹಾಕಲಿಲ್ಲ. ಅವಳೇ ಎತ್ತಿ, ಸತ್ತವರನ್ನು ಇಡುವ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಳು. ಕಿನ್ನಾಳದ ನಾಲ್ಕೂ ಆನೆಗಳು ಒಂದು ಹೆಜ್ಜೆಯನ್ನೂ ಇಡದೆ ಮೇಜಿನ ಆ ತುದಿಯಲ್ಲಿ ಹಾಗೇ ನಿಂತಿದ್ದವು. ಆಟ ಶುರುವಾಗಿ ಅರ್ಧ ತಾಸೂ ಆಗಿರಲಿಲ್ಲ.

"ಸತ್ತ," ಅಂದಳು. "ಮತ್ತೊಂದು ಆಡೂಣು?"

ಮೇಷ್ಟ್ರು ಒಳಗೆ ಹೋಗಿ ತಂಬಿಗೆ ತುಂಬ ನೀರು ಕುಡಿದು ಬಂದ. ಪೆನ್ನು ತೆಗೆದು 'ರಾಯ ಉಂಗುರ ಕೊಡಬಹುದು' ಎಂಬುದರ ಮುಂದೆ ಬಾಣದ ಗುರುತು ಹಾಕಿ, 'ಮೂರನೇ ಒಂದು ಪಾಲು' ಅಂತ ಬರೆಯಲು ಹೊರಟವನು ಅರ್ಧಕ್ಕೆ ನಿಂತ. ಮಗಳ ಕಡೆ ನೋಡಿದ. ಅವಳು ಆಗಲೇ ತುಕಡಿಗಳನ್ನು ಮತ್ತೆ ಸಾಲಾಗಿ ಹೂಡುತ್ತಿದ್ದಳು, ಈ ಸಲ ರಾಯನನ್ನು ಆನೆಗಳ ಹಿಂದೆ ಇಟ್ಟು. ಮೇಷ್ಟ್ರು ಬರೆ ಎಳೆದು ಬಾಣ ಹೊಡೆದು ಹಾಕಿದ. ನಿಯಮ ಹಾಗೇ ಉಳಿಯಿತು. ಕೆಳಗೆ ಹೊಸದಾಗಿ ಒಂದು ಸಾಲು: 'ದಾಳ ಓರೆ ನಿಂತರೆ ಮತ್ತೆ ಎಸೆಯಬೇಕು.'

ಆಮೇಲೆ ನನ್ನ ಹೆಗಲ ಮೇಲೆ ಕೈ ಇಟ್ಟ.

"ಏಳಪಾ. ಈ ಸಲ ಶಾಹ ನಾ ಆಗ್ತೀನಿ."

ನಾನು ಎದ್ದೆ. ಅವನು ಹೊಳೆಯ ಕಡೆ ಬಂದು ಕೂತ, ಸೀರೆಯ ಅಂಚು ಸರಿ ಮಾಡಿದ, ಮೂರು ಫಿರಂಗಿ ಒಂದೊಂದಾಗಿ ಎತ್ತಿ ನೋಡಿ ಜಾಗಕ್ಕೆ ಇಟ್ಟ. ಆನೆಗಳನ್ನು ಎದುರಿನಿಂದ ಅವನು ನೋಡಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದ. ಆಮೇಲೆ ನೋಟ್‌ಬುಕ್ ಹತ್ತಿರಕ್ಕೆ ಎಳೆದುಕೊಂಡು ಫಿರಂಗಿಯ ಪುಟ ತೆಗೆದ.

"ಏನಂತೀ," ಅಂದ, ನನ್ನ ಮುಖ ನೋಡದೆ, "ಗುಂಡು ತುಂಬಾಕ ಎರಡು ಪಾಳಿ ಒಂಚೂರು ಜಾಸ್ತಿ ಆತೇನು?"